ಸಮಿತಿ ರೆಡಿ

(ಗಾಂಧಿನಗರ. ನಿರ್ಮಾಪಕರ ಆಫೀಸು. ಮೂವರು ಗಂಡಸರು, ಬೈಟು ಕಾಫಿ. ಚರ್ಚೆ: ಚಿತ್ರರಂಗದಲ್ಲಿ ಮಹಿಳಾ ಸುರಕ್ಷತೆ.)

ನಿರ್ದೇಶಕ: ಕೇರಳದಲ್ಲಿ ಸಿನಿಮಾ ಹೆಣ್ಮಕ್ಕಳ ಕಷ್ಟದ ಬಗ್ಗೆ ಹೇಮಾ ಸಮಿತಿ ವರದಿ ಕೊಟ್ಟಿದ್ದು 2019ರಲ್ಲಿ. ಹೊರಗೆ ಬಂದಿದ್ದು 2024ರಲ್ಲಿ.

ನಿರ್ಮಾಪಕ: ನೋಡಿ, ಅವರಿಗೇ ಆತುರ ಇಲ್ಲ. ನಮಗ್ಯಾಕ್ರೀ?

ಮ್ಯಾನೇಜರ್: ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಇದೆಯಲ್ಲ ಸಾರ್. ಹತ್ತು ಜನ ಕೆಲಸಕ್ಕಿದ್ರೆ ದೂರು ಸಮಿತಿ ಬೇಕು. ನಮ್ಮಲ್ಲಿ ಲೈಟ್‌ನವರೇ ಹನ್ನೆರಡು.

ನಿರ್ಮಾಪಕ: ಮಾಡೋಣ. ನಾನು ಅಧ್ಯಕ್ಷ, ಬಾಮೈದ ಸದಸ್ಯ.

ಮ್ಯಾನೇಜರ್: ಅಧ್ಯಕ್ಷರು ಹೆಂಗಸೇ ಆಗ್ಬೇಕು ಸಾರ್. ಸದಸ್ಯರಲ್ಲೂ ಅರ್ಧ ಹೆಂಗಸರು.

ನಿರ್ಮಾಪಕ: ಹಂಗಾದ್ರೆ ನಮ್ಮನೆಯವಳನ್ನ ಹಾಕಿ. ಬ್ಯಾನರ್ರೂ ಅವಳ ಹೆಸರಲ್ಲೇ ಇರೋದು. ಸಹಿ ನಾನು ಹಾಕ್ತೀನಿ.

ಮ್ಯಾನೇಜರ್: ನಾವು ಗಂಡಸರೇನೂ ಮಾಡೋದು ಬೇಡ್ವಾ?

ನಿರ್ದೇಶಕ: (ಈತನ ಹೊಸ ಚಿತ್ರ ಹೆಣ್ಣಿನ ಶಕ್ತಿಯ ಬಗ್ಗೆಯಂತೆ, ಪೋಸ್ಟರಿನಲ್ಲಿ ಹೀರೋ ಒಬ್ಬನೇ ಇದ್ದಾನೆ.) ಹೆಣ್ಮಕ್ಕಳು ಧೈರ್ಯವಾಗಿ ಮುಂದೆ ಬಂದು ಹೇಳ್ಬೇಕು ಕಣ್ರೀ!

ಮ್ಯಾನೇಜರ್: ಹೋದ ಪಿಕ್ಚರ್‌ನಲ್ಲಿ ಒಬ್ಬಳು ಅಸಿಸ್ಟೆಂಟು ಬಂದು ಹೇಳಿದ್ಲಲ್ಲ?

ನಿರ್ದೇಶಕ: ಅವಳಾ? ಬಾಯಿ ಜಾಸ್ತಿ. ತೆಗೆದ್ವಿ.

ಮ್ಯಾನೇಜರ್: ಅವಳು ಹೇಳಿದ್ದು ಯಾರ ಮೇಲೆ ಸಾರ್?

(ಮೌನ. ನಿರ್ಮಾಪಕರ ಫೋನು ರಿಂಗಾಗುತ್ತದೆ.)

ನಿರ್ಮಾಪಕ: ಹಲೋ... ಮೀಟಿಂಗಲ್ಲಿದೀನಿ ಕಣೇ. ನಿನಗೆ ಅರ್ಥ ಆಗಲ್ಲ, ಇದು ಮಹಿಳೆಯರ ವಿಷ್ಯ. ಇಡು ಫೋನು.