ಇನ್‌ಸ್ಟಾಲ್‌ಭಂಗ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಕೃತ ಶಾಸ್ತ್ರದ ವಿಷಯ, ಮನೆಯ ಕಂಪ್ಯೂಟರಿಗೆ ಹೊಸ ಓಎಸ್ ಹಾಕಲು ಹೋಗಿ ಅದು ಅರ್ಧಕ್ಕೆ ನಿಲ್ಲುವುದು. ಪ್ರಯೋಜನ, ಹಳೆಯದೂ ಏಳದ ಹೊಸದೂ ಕೂರದ ಆ ಅವಸ್ಥೆಯಿಂದ ಬಿಡುಗಡೆ. ಸಂಬಂಧವನ್ನು ವಿವರಿಸಬೇಕಿಲ್ಲ, ಅದು ಕೆಡುವುದು ಸಾಮಾನ್ಯವಾಗಿ ರಾತ್ರಿ ಹನ್ನೊಂದರ ನಂತರ. ಅಧಿಕಾರಿಯ ವಿಷಯದಲ್ಲಿ ಮಾತ್ರ ಮತಭೇದವಿದೆ. ಕಂಪ್ಯೂಟರ್ ಸೈನ್ಸ್ ಓದಿದವನಿಗಷ್ಟೇ ಅಧಿಕಾರ ಎಂದು ಒಂದು ಪಕ್ಷ. ಸಿವಿಲ್ ಆದರೂ ಸರಿ, ಇಂಜಿನಿಯರಿಂಗ್ ಓದುವ ಹುಡುಗ ಬೀದಿಯಲ್ಲಿದ್ದರೆ ಸಾಕು ಎಂದು ಇನ್ನೊಂದು. ಆಚಾರದಲ್ಲಿ ಗೆದ್ದಿರುವುದು ಎರಡನೆಯದೇ.

ಈ ಶಾಸ್ತ್ರದ ಆಕರಗಳು ಶಾಸನಗಳು. ಅಂದರೆ ಪರದೆಯ ಮೇಲೆ ಮೂಡಿ, ಯಜಮಾನರು ‘ಓಕೆ’ ಒತ್ತಿದೊಡನೆ ಮಾಯವಾಗುವ ದೋಷಸಂದೇಶಗಳು. ಇವುಗಳಲ್ಲಿ ಅತ್ಯಂತ ಗಹನವಾದದ್ದು 2015ರದ್ದು. ಆ ವರ್ಷದ ಜುಲೈ 29ರಂದು ವಿಂಡೋಸ್ 10 ಬಿಡುಗಡೆಯಾದಾಗ, ಅದನ್ನು ಇಳಿಸಿಕೊಳ್ಳಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಸಾಧನವು ಹಲವರ ಪರದೆಯಲ್ಲಿ ಒಂದು ಚೌಕವನ್ನು ತೋರಿಸಿ ನಿಂತಿತು. ಶೀರ್ಷಿಕೆ: ‘ಸಮ್‌ಥಿಂಗ್ ಹ್ಯಾಪನ್ಡ್’. ಅದರ ಕೆಳಗೆ ವಿವರಣೆ: ‘ಸಮ್‌ಥಿಂಗ್ ಹ್ಯಾಪನ್ಡ್’. ಸೂತ್ರಕ್ಕೂ ಭಾಷ್ಯಕ್ಕೂ ಇಷ್ಟು ಅಭೇದ ಸಾಧಿಸಿದ ಕೃತಿ ಅದ್ವೈತ ವಾಙ್ಮಯದಲ್ಲೂ ಸಿಗಲಾರದು. ತರ್ಕದ ಕಣ್ಣಿಂದ ನೋಡಿದರೆ ವಾಕ್ಯ ನಿರ್ದುಷ್ಟ: ಏನೋ ಒಂದು ಆಗಿದ್ದಂತೂ ನಿಜ. ಕಂಪ್ಯೂಟರಿನ ಭಾಷೆ ಮತ್ತು ಪ್ರದೇಶವನ್ನು ಅಮೆರಿಕದ ಇಂಗ್ಲಿಷಿಗೆ ಬದಲಿಸಿದ ಹಲವರಿಗೆ ದೋಷ ನಿವಾರಣೆಯಾಯಿತು. ದೋಷಪರಿಹಾರಕ್ಕೆ ದೇಶಾಂತರ ಹೋಗುವ ಸಂಪ್ರದಾಯ ನಮ್ಮಲ್ಲಿ ಹಳೆಯದೇ ತಾನೆ.

ಎಲ್ಲ ಶಾಸನಗಳೂ ಇಷ್ಟು ಮೌನಿಗಳಲ್ಲ. ‘0ಎಕ್ಸ್80070570’ ಎಂಬುದನ್ನು ನೋಡಿ. ಬೀದಿಯ ಪಂಡಿತರು ಇದನ್ನು ಕಂಡೊಡನೆ ‘ವೈರಸ್ಸು’ ಎಂದು ಅರ್ಥ ಹೇಳುತ್ತಾರೆ. ಪದಚ್ಛೇದ ಮಾಡಿದರೆ ಬೇರೆಯೇ ಕಾಣುತ್ತದೆ. 8007 ಎಂಬ ಪೂರ್ವಪದ, ಇದು ವಿಂಡೋಸಿನ ಸಾಮಾನ್ಯ ದೋಷಪಟ್ಟಿಗೆ ಸೇರಿದ್ದೆಂದು ಸೂಚಿಸುತ್ತದೆ. 0570 ಹದಿನಾರರ ಲೆಕ್ಕದ ಸಂಖ್ಯೆ; ಹತ್ತರ ಲೆಕ್ಕಕ್ಕೆ ತಂದರೆ 1392. ಆ ಪಟ್ಟಿಯ 1392ನೆಯ ದೋಷಕ್ಕೆ ಅರ್ಥ, ಕಡತವೋ ಕಡತಕೋಶವೋ ಕೆಟ್ಟಿದೆ, ಓದಲಾಗುತ್ತಿಲ್ಲ ಎಂದು. ಇಷ್ಟು ತಿಳಿದರೆ ಶಂಕಿತರು ನಾಲ್ಕೇ: ಇಳಿಸಿಕೊಂಡ ಐಎಸ್‌ಒ, ಪೆನ್‌ಡ್ರೈವ್, ರ್‍ಯಾಮ್, ಡಿಸ್ಕ್. ವಿಚಾರಣೆ ಅಗ್ಗದವನಿಂದ ಆರಂಭವಾಗಬೇಕು. ಪೆನ್‌ಡ್ರೈವನ್ನು ಬೇರೆ ಪೋರ್ಟಿಗೆ ಚುಚ್ಚಿ ನೋಡುವುದು, ಬೇರೆ ಪೆನ್‌ಡ್ರೈವ್ ತರುವುದು. ಐಎಸ್‌ಒ ಬಗ್ಗೆ ಅನುಮಾನವಿದ್ದರೆ ‘ಸರ್ಟ್‌ಯುಟಿಲ್’ ಆಜ್ಞೆಯಿಂದ ಅದರ ಎಸ್‌ಎಚ್‌ಎ-256 ಮುದ್ರೆ ತೆಗೆದು, ಬಿಡುಗಡೆ ಮಾಡಿದವರು ಪ್ರಕಟಿಸಿದ 64 ಅಕ್ಷರಗಳ ಜೊತೆ ತಾಳೆ ನೋಡುವುದು. ಆಮೇಲೆ ಎರಡು ರ್‍ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸುವುದು. ಹೊಸ ಹಾರ್ಡ್‌ಡಿಸ್ಕ್ ಹುಡುಕಿಕೊಂಡು ಎಸ್.ಪಿ. ರೋಡಿಗೆ ಹೊರಡುವುದು ಕಟ್ಟಕಡೆಯ ಅಧ್ಯಾಯ. ಲೋಕದಲ್ಲಿ ಎಲ್ಲರೂ ಗ್ರಂಥವನ್ನು ಕೊನೆಯಿಂದ ಓದುತ್ತಾರೆ.

ಇನ್ನು ದ್ವೈತಪ್ರಕರಣ. ಡಿಸ್ಕನ್ನು ಭಾಗ ಮಾಡುವ ಪದ್ಧತಿಗಳು ಎರಡು, ಎಂಬಿಆರ್ ಮತ್ತು ಜಿಪಿಟಿ. ಎಂಬಿಆರ್ 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದದ್ದು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಸಂಸಾರ ಹೂಡಿ, ನಾಲ್ಕೇ ಮುಖ್ಯ ಭಾಗಗಳಿಗೆ ಮತ್ತು ಸುಮಾರು 2 ಟಿಬಿಗೆ ತೃಪ್ತಿಪಡುವ ಮಿತವ್ಯಯಿ. ವಿಂಡೋಸಿನಲ್ಲಿ 128 ಭಾಗಗಳಿಗೆ ಜಾಗ ಕೊಡುವ ಜಿಪಿಟಿ ನಂತರದ ತಲೆಮಾರಿನದು. ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಬೂಟ್ ಆದ ವಿಂಡೋಸ್ ಸೆಟಪ್ ಎಂಬಿಆರ್ ಡಿಸ್ಕನ್ನು ಮುಟ್ಟುವುದಿಲ್ಲ. ಹಳೆಯ ಲೆಗಸಿ ವಿಧಾನದಲ್ಲಿ ಎದ್ದದ್ದು ಜಿಪಿಟಿಯನ್ನು ಮುಟ್ಟುವುದಿಲ್ಲ. ಇಬ್ಬರದೂ ಮಡಿ ಜೋರು.

ಇಲ್ಲಿ ಒಂದು ಸೂಕ್ಷ್ಮವಿದೆ, ವಿದ್ವಾಂಸರ ಕಣ್ಣು ತಪ್ಪುವುದು ಅಲ್ಲೇ. ಎರಡೂ ವಿಧಾನ ಬಲ್ಲ ಯಂತ್ರದಲ್ಲಿ ಬೂಟ್ ಮೆನು ತೆರೆದರೆ ಒಂದೇ ಪೆನ್‌ಡ್ರೈವ್ ಎರಡು ಸಾಲುಗಳಲ್ಲಿ ಕಾಣಬಹುದು: ಒಂದರ ಹಿಂದೆ ‘ಯುಇಎಫ್‌ಐ’ ಎಂಬ ಬಿರುದು, ಇನ್ನೊಂದು ಬಿರುದಿಲ್ಲದ ಬರಿಯ ಹೆಸರು. ಮೇಲಿನದಕ್ಕೆ ಎಂಟರ್ ಒತ್ತಿದವನಿಗೆ ಒಂದು ಗತಿ, ಕೆಳಗಿನದಕ್ಕೆ ಒತ್ತಿದವನಿಗೆ ಇನ್ನೊಂದು ಗತಿ. ‘ಈ ಡಿಸ್ಕಿಗೆ ವಿಂಡೋಸ್ ಹಾಕಲಾಗದು’ ಎಂಬ ಶಾಪ ಬಂದಾಗ ರೀಸ್ಟಾರ್ಟ್ ಮಾಡಿ ಪಕ್ಕದ ಸಾಲನ್ನು ಆರಿಸಿಕೊಂಡರೆ ಎಷ್ಟೋ ಸಲ ಶಾಪವಿಮೋಚನೆ ಆಗಿಬಿಡುತ್ತದೆ. ಡಿಸ್ಕಿನಲ್ಲಿದ್ದ ಒಂದು ಫೋಟೊ ಕೂಡ ಕಳೆಯುವುದಿಲ್ಲ.

ಆದರೆ ಇಷ್ಟು ತಾಳ್ಮೆ ‘ಫಾರ್ಮ್ಯಾಟ್‌ವಾದಿ’ಗಳಿಗೆ ಇಲ್ಲ. ಸಕಲ ದುಃಖಕ್ಕೂ ಸಂಹಾರವೇ ಪರಿಹಾರವೆಂಬುದು ಈ ಪಂಥದ ಏಕೈಕ ಸಿದ್ಧಾಂತ. ಇವರ ಮೂಲಮಂತ್ರ ಇರುವುದು ಡಿಸ್ಕ್‌ಪಾರ್ಟ್ ಎಂಬ ಸಾಧನದಲ್ಲಿ: ಸೆಟಪ್ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ, ‘ಸೆಲೆಕ್ಟ್ ಡಿಸ್ಕ್ 0’ ಎಂದು, ಆಮೇಲೆ ‘ಕ್ಲೀನ್’ ಎಂದು ಹೊಡೆಯುವುದು. ಲೋಕದಲ್ಲಿ ಒಂದು ಕಡತವನ್ನು ಶಾಶ್ವತವಾಗಿ ಅಳಿಸಲು ಹೊರಟರೂ ‘ಖಂಡಿತವೇ?’ ಎಂದು ಕೇಳುವ ವಿಂಡೋಸ್, ಇಲ್ಲಿ ಇಡೀ ಡಿಸ್ಕಿನ ವಿಭಾಗಪಟ್ಟಿಯನ್ನೇ ಒರೆಸಲು ಮರುಮಾತು ಕೇಳುವುದಿಲ್ಲ. ಯಾವುದು 0, ಯಾವುದು 1 ಎಂಬುದೂ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ‘ಲಿಸ್ಟ್ ಡಿಸ್ಕ್’ ಎಂದು ಕೇಳಿ, ಎದುರಿಗಿರುವ ಜಿಬಿ ಗಾತ್ರ ನೋಡಿಯೇ ಗುರುತಿಸಬೇಕು. ಮಗಳ ಮದುವೆ ಫೋಟೊಗಳಿದ್ದ ಎಕ್ಸ್‌ಟರ್ನಲ್ ಡಿಸ್ಕ್ ಅದೇ ಹೊತ್ತಿಗೆ ಚುಚ್ಚಿಕೊಂಡಿದ್ದರೆ ಈ ಪಂಥದ ಅನುಯಾಯಿಗಳು ಒಂದು ಕ್ಷಣದಲ್ಲಿ ವಿರಕ್ತರಾಗುತ್ತಾರೆ.

ಅನ್ಯೋನ್ಯಾಶ್ರಯ ದೋಷಕ್ಕೆ ನೈಯಾಯಿಕರು ಉದಾಹರಣೆ ಹುಡುಕಿ ಬಳಲಿದ್ದರಂತೆ. ಈಗ ಆ ಕಷ್ಟವಿಲ್ಲ. ವಿಂಡೋಸ್ 11 ಹೋಮ್ ಆವೃತ್ತಿ ಸೆಟಪ್ಪಿನ ನಡುವೆ ಇಂಟರ್‌ನೆಟ್ ಕೇಳುತ್ತದೆ. ಇಂಟರ್‌ನೆಟ್ಟಿಗೆ ವೈಫೈ ಡ್ರೈವರ್ ಬೇಕು. ಡ್ರೈವರ್ ಇರುವುದು ಇಂಟರ್‌ನೆಟ್ಟಿನಲ್ಲಿ. ವಿಂಡೋಸ್ 7ಕ್ಕೆ ಯುಎಸ್‌ಬಿ 3.0 ಹುಟ್ಟಿನಿಂದ ಗೊತ್ತಿಲ್ಲದ್ದರಿಂದ, ಹೊಸ ಬೋರ್ಡುಗಳಲ್ಲಿ ‘ನೆಕ್ಸ್ಟ್’ ಒತ್ತಿ ಎಂದು ಹೇಳಿ ಮೌಸನ್ನೂ ಕೀಬೋರ್ಡನ್ನೂ ಗುರುತಿಸದೆ ಕೂರುತ್ತಿತ್ತು. 2001ರ ಎಕ್ಸ್‌ಪಿ, ಸಾಟಾ ಡಿಸ್ಕಿನ ಡ್ರೈವರನ್ನು ಫ್ಲಾಪಿಯಲ್ಲೇ ಕೊಡಿ ಎಂದು ಎಫ್6 ಒತ್ತಿಸುತ್ತಿತ್ತು, ಫ್ಲಾಪಿ ಡ್ರೈವ್ ಇಲ್ಲದ ಕಂಪ್ಯೂಟರಿನಲ್ಲೂ. ಇದೇ ವಂಶದ ಕುಡಿ, ಡಿಸ್ಕನ್ನು ನಿಭಾಯಿಸುವ ಇಂಟೆಲ್‌ನ ಇಂದಿನ ವಿಎಂಡಿ ವ್ಯವಸ್ಥೆ. ಇಂಟೆಲ್ 11ನೆಯ ತಲೆಮಾರಿನಿಂದೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಸೆಟಪ್ಪಿನ ಡ್ರೈವ್ ಪಟ್ಟಿ ಖಾಲಿ ಕಾಣುವುದು ಇದರಿಂದ. ‘ಹಾರ್ಡ್‌ಡಿಸ್ಕ್ ಹೋಗಿದೆ ಸರ್, ಹೊಸದು ಹಾಕಿಸಿ’ ಎಂಬ ತೀರ್ಪಿಗೆ ತಲೆದೂಗುವ ಮುನ್ನ, ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ‘ಲೋಡ್ ಡ್ರೈವರ್’ ಒತ್ತಿ ನೋಡಬೇಕು. ವೈಫೈ ದೋಷಕ್ಕೆ ಪರಿಹಾರ ಇನ್ನೂ ಸುಲಭ: ಮೊಬೈಲನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಸಾಮಾನ್ಯವಾಗಿ ಕೆಲಸ ಸಾಗುತ್ತದೆ.

ಶೇಕಡಾವಾರು ಪಟ್ಟಿಯ ಬಗ್ಗೆ ಎರಡು ಮಾತು. ಕೆಲಸ ಎಷ್ಟಾಗಿದೆ ಎಂದು ತೋರಿಸುವ ಪಟ್ಟಿಯಿದ್ದರೆ ಜನರಿಗೆ ಹಿತವೆನಿಸುತ್ತದೆಂದು ಬ್ರಾಡ್ ಮೈಯರ್ಸ್ ಎಂಬ ಸಂಶೋಧಕ 1985ರಲ್ಲೇ ಪ್ರಬಂಧ ಬರೆದಿದ್ದಾನೆ. ಅದು ಒಂದೇ ಅಂಕಿಯಲ್ಲಿ ನಿಂತುಬಿಟ್ಟಾಗ ಮನೆಮಂದಿಗೆ ಏನೆನಿಸುತ್ತದೆಂಬುದು ಬೇರೆ ಪ್ರಬಂಧದ ವಸ್ತು. ಪಟ್ಟಿಯ ಬದಲು ಡಿಸ್ಕಿನ ದೀಪ ನೋಡುವುದು ಮೇಲು. ಅದು ಮಿನುಗುತ್ತಿರುವವರೆಗೆ ಪವರ್ ಬಟನ್ ಮುಟ್ಟಬಾರದು. ನಿಜಸಂಗತಿ ಬೇಕೆಂದರೆ ಸೆಟಪ್ ತಾನೇ ತನ್ನ ತಪ್ಪುಗಳನ್ನು ಬರೆದಿಡುವ ‘ಸೆಟಪ್‌ಎರ್ರ್’ ಎಂಬ ಲಾಗ್ ಕಡತವಿದೆ. ಅದು ‘ಪ್ಯಾಂಥರ್’ ಎಂಬ ಕಡತಕೋಶದಲ್ಲಿರುತ್ತದೆ. ಚಿರತೆಯ ಗವಿಗೆ ಹೊಕ್ಕು ನೋಡುವ ಧೈರ್ಯ ಬೀದಿಯ ಪಂಡಿತರಿಗೆ ಬಂದಿದ್ದು ಕಾಣೆ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಈ ಶಾಸ್ತ್ರಕ್ಕೆ ವಿದ್ಯಾರ್ಥಿಗಳ ಕೊರತೆಯಾಗದು. ‘ಈ ಪಿಸಿಯಲ್ಲಿ ವಿಂಡೋಸ್ 11 ನಡೆಯದು’ ಎಂದು ಬಂದರೆ ಗಾಬರಿಯಾಗದೆ ಬಯಾಸ್ ತೆರೆದು, ಪಿಟಿಟಿ ಅಥವಾ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಟಿಪಿಎಂ ಎಂಬ ಭದ್ರತಾ ಭಾಗ ಮಲಗಿದೆಯೇ ನೋಡಿ. ಯಂತ್ರ ನಿಜವಾಗಿಯೂ ಹಳೆಯದಾಗಿದ್ದರೆ ಲಿನಕ್ಸ್ ಇದೆ. ದೋಷಸಂದೇಶ ಬಂದಾಗ ‘ಓಕೆ’ ಒತ್ತುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಮುಖ್ಯ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಿತ್ತಿಟ್ಟ ಮೇಲೆಯೇ ಕೆಲಸ ಶುರು ಮಾಡಿ. ಆ ನಕಲನ್ನು ಬೂಟಬಲ್ ಮಾಡಬೇಕೆಂದಿರುವ ಪೆನ್‌ಡ್ರೈವಿನಲ್ಲೇ ಇಡಬೇಡಿ; ಬೂಟಬಲ್ ಮಾಡುವಾಗ ಅದೂ ಫಾರ್ಮ್ಯಾಟ್ ಆಗುತ್ತದೆ.