ರಾಶಿ ಅಡಿಕೆ, ಖಾಲಿ ಕಪ್

2024ರ ನವೆಂಬರ್. ಜೆಡ್ಡಾದಲ್ಲಿ ಐಪಿಎಲ್ ಹರಾಜು, ಚನ್ನಗಿರಿಯಲ್ಲಿ ಮಂಡಕ್ಕಿ-ಮಿರ್ಚಿ.

"ಅಣ್ಣಾ, ನಮ್ಮ ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದ! ಆರ್‌ಸಿಬಿಯೋರು ಬಿಟ್ಟೇಬಿಟ್ರು."

"ಕ್ವಿಂಟಲ್‌ಗೆ ಅರ್ಧ ಲಕ್ಷ ಹಿಡಿದ್ರೂ 2,800 ಕ್ವಿಂಟಲ್ ರಾಶಿ ಅಡಿಕೆ ಕಣಲೇ ಅದು!" ಚನ್ನಗಿರಿಯವರಿಗೆ ಬೇರೆ ಲೆಕ್ಕ ಬರುವುದಿಲ್ಲ.

"ಹೇಜಲ್‌ವುಡ್‌ಗೆ ಹನ್ನೆರಡೂವರೆ ಕೋಟಿ ಸುರಿದ್ರಲ್ಲ?" ನ್ಯಾಮತಿಯವನ ಸಂಕಟ.

"ಪದೇ ಪದೇ ಗಾಯ ಆಗೋ ಆಳು. ನಮ್ಮ ಹೊನ್ನಾಳಿ ಕಡೆ ಹೋರಿ ಕೊಳ್ಳೋವಾಗ ಹಲ್ಲು, ಗೊರಸು ನೋಡ್ತೀವಪ್ಪ."

"2009, 2011, 2016. ಮೂರು ಫೈನಲ್, ಮೂರೂ ಸೋಲು. ನಮ್ಮ ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್ ಆಡಿದಾಗಲೂ ಕಪ್ ಬರ್ಲಿಲ್ಲ. ಹದಿನೇಳು ವರ್ಷ ಆಯ್ತು!"

ಜಗಳೂರಿನವನು ಮಿರ್ಚಿ ಮುರಿದ. "ಹದಿನೇಳು ಏನ್ ಮಹಾ? ನಾವು ಹುಟ್ಟಿದಾಗಿಂದ 'ಈ ಸಲ ಮಳೆ ನಮ್ದೇ' ಅಂತಿದೀವಿ."

ಬಿಲ್ ಬಂತು. ಯಾರೂ ಬಿಡ್ ಕೂಗಲಿಲ್ಲ.