ಸಾಂಟಾ ಕ್ಲಾಸ್ ಅವರಿಗೆ ಸಹೋದ್ಯೋಗಿಯೊಬ್ಬಳ ಬಹಿರಂಗ ಪತ್ರ

ಗೆ,
ಶ್ರೀ ಸಾಂಟಾ ಕ್ಲಾಸ್ ಅವರು,
ಸಾಂಟಾ ಅಂಚೆ ಕಚೇರಿ, ರೊವಾನಿಯೆಮಿ, ಫಿನ್‌ಲೆಂಡ್.
(ಡಿಸೆಂಬರ್ ಕ್ಯಾಂಪ್: ಫುಕೆಟ್, ಥಾಯ್ಲೆಂಡ್)

ವಿಷಯ: ಕ್ರಿಸ್‌ಮಸ್ ರಜೆಯಲ್ಲಿ ವಿದೇಶಿ ಕಡಲತೀರಕ್ಕೆ ನಿಯೋಜನೆಗೊಳ್ಳುವ ಹಿರಿಯರ ಸೇವಾ ನಿಯಮಗಳನ್ನು ರೂಪಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತಳಾದ ಟೀಚರು. ಹಾಲಿ ಹುದ್ದೆ, ಅಜ್ಜಿ. ನಮ್ಮಿಬ್ಬರ ಇಲಾಖೆ ಬೇರೆಯಾದರೂ ಕೆಲಸ ಒಂದೇ: ವಯಸ್ಸಾದ ಮೇಲೆ, ಬೇರೆಯವರ ರಜೆಯಲ್ಲಿ, ಮಕ್ಕಳು ಅಳದಂತೆ ನೋಡಿಕೊಳ್ಳುವುದು. ಆದ್ದರಿಂದ ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ. ಕಳೆದ ಡಿಸೆಂಬರಿನಲ್ಲಿ ಫುಕೆಟ್ ದ್ವೀಪದ ಕರೋನ್ ಕಡಲತೀರದ ಒಂದೇ ಹೋಟೆಲಿನಲ್ಲಿ ನಾವಿಬ್ಬರೂ ಡ್ಯೂಟಿಯಲ್ಲಿದ್ದೆವು. ತಮಗೆ ನನ್ನ ಗುರುತು ಸಿಗಲಿಕ್ಕಿಲ್ಲ. ಸೊಂಟದ ಮೇಲೆ ಮಗು, ಹೆಗಲಲ್ಲಿ ಡಯಾಪರಿನ ಚೀಲ, ಕೈಯಲ್ಲಿ ಹಾಲಿನ ಬಾಟಲಿ ಹಿಡಿದ ಹೆಂಗಸರು ಅಲ್ಲಿ ಬೇಕಾದಷ್ಟಿದ್ದರು.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ನಮಗೆಲ್ಲ ದಸರಾ ರಜೆಯೇ ದೊಡ್ಡ ರಜೆ. ಬೆಂಗಳೂರಿನಲ್ಲಿ ನನ್ನ ಮೊಮ್ಮಗಳು ಪುಟ್ಟಿ ಓದುವ ಶಾಲೆಯ ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿರುವುದರಿಂದ ಅಲ್ಲಿ ದಸರಾ ಚಿಕ್ಕದು, ಕ್ರಿಸ್‌ಮಸ್ ದೊಡ್ಡದು. ರಜೆ ಮುಗಿಸಿ ಬಂದ ಮಕ್ಕಳು ತರಗತಿಯಲ್ಲಿ ಒಬ್ಬೊಬ್ಬರಾಗಿ ಎದ್ದು, ಎಲ್ಲಿಗೆ ಹೋಗಿದ್ದೆವು ಎಂದು ಹೇಳಬೇಕಂತೆ. ಸಿಂಗಪುರ ಎಂದವನೊಬ್ಬ, ದುಬೈ ಎಂದವಳೊಬ್ಬಳು. ಇವಳು ಎದ್ದು ನಿಂತು ‘ಅಜ್ಜಿ ಮನೆ’ ಎಂದಳು. ಹಾಗೆ ಹೇಳಿದ್ದರಿಂದ ಪುಟ್ಟಿಗೆ ಏನೂ ಬೇಜಾರಾಗಲಿಲ್ಲ. ಬೇಜಾರಾದದ್ದು ಅವಳ ಅಪ್ಪ ಅಮ್ಮನಿಗೆ. ಆ ಸಂಜೆಯೇ ಫುಕೆಟ್ ನಿಶ್ಚಯವಾಯಿತು. ಹಿಂದೆ ಮಕ್ಕಳು ರಜೆಗೆಂದು ಅಜ್ಜಿ ಮನೆಗೆ ಬರುತ್ತಿದ್ದರು. ಈಗ ಅಜ್ಜಿಯನ್ನೇ ಗಂಟುಮೂಟೆಯೊಂದಿಗೆ ಕಟ್ಟಿಕೊಂಡು ರಜೆಗೆ ಹೋಗುತ್ತಾರೆ.

“ಅಮ್ಮಾ, ನೀನೂ ಬಾಮ್ಮ, ನಿನಗೂ ಒಂದು ಚೇಂಜ್ ಆಗುತ್ತೆ” ಎಂದಳು ಮಗಳು. “ಹೌದು ಅತ್ತೆ, ನೀವು ಸುಮ್ನೆ ಕೂತ್ಕೊಂಡು ಸಮುದ್ರ ನೋಡ್ತಾ ಇರಿ” ಎಂದರು ಅಳಿಯಂದಿರು. ನಮ್ಮ ಯಜಮಾನರು ಆ ಗಳಿಗೆಯಲ್ಲೇ ಮಂಡಿ ಹಿಡಿದುಕೊಂಡು “ಅಯ್ಯೋ” ಎಂದರು. ಇಷ್ಟು ವರ್ಷ ಜೊತೆಗೆ ಸಂಸಾರ ಮಾಡಿಯೂ ಅವರ ಆ ಸಮಯಪ್ರಜ್ಞೆ ನನಗೆ ಬಂದಿಲ್ಲ.

ಥಾಯ್ಲೆಂಡಿನವರು 2023ರ ನವೆಂಬರಿನಿಂದ ನಮ್ಮವರಿಗೆ ವೀಸಾ ಬೇಡವೆಂದರು. ಬೆಂಗಳೂರಿನಿಂದ ಫುಕೆಟ್‌ಗೆ ನೇರ ವಿಮಾನ, ನಾಲ್ಕು ಗಂಟೆಯ ಆಸುಪಾಸು. ಮೈಸೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ತಲುಪಲೂ ನನಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯಿತು. ಎರಡು ವರ್ಷ ತುಂಬದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರೆ ಟಿಕೆಟ್ ಬಹಳ ಅಗ್ಗ. ಆದ್ದರಿಂದ ಪುಟ್ಟಿಯ ತಮ್ಮ ಚಿನ್ನುವಿಗೆ ಎರಡು ತುಂಬುವುದರೊಳಗೆ ಹೋಗಿ ಬಂದುಬಿಡಬೇಕೆಂದು ಲೆಕ್ಕ ಹಾಕಿದರು. ಯಾರ ಮಡಿಲು ಎಂಬ ಲೆಕ್ಕ ಮಾತ್ರ ವಿಮಾನ ಹತ್ತಿದ ಮೇಲೆ ಹೊರಬಿತ್ತು. 2025ರ ಮೇ ತಿಂಗಳಿನಿಂದ ಥಾಯ್ಲೆಂಡಿಗೆ ಕಾಲಿಡುವ ಪ್ರತಿಯೊಬ್ಬ ವಿದೇಶಿಯೂ, ಹಾಲು ಕುಡಿಯುವ ಕೂಸೂ ಸೇರಿ, ಮೊದಲೇ ಆನ್‌ಲೈನಿನಲ್ಲಿ ಅರ್ಜಿ ತುಂಬಬೇಕು. ಅದರಲ್ಲಿ ಉದ್ಯೋಗ ಯಾವುದೆಂದು ಕೇಳುವ ಕಾಲಮ್ಮೊಂದಿದೆ. ನನ್ನ ಹೆಸರಿನ ಮುಂದೆ ಅಳಿಯಂದಿರು ‘ನಿವೃತ್ತ’ ಎಂದು ತುಂಬಿದರು. ಅಲ್ಲಿನ ಸರಕಾರಕ್ಕೆ ಇದಕ್ಕಿಂತ ದೊಡ್ಡ ಸುಳ್ಳು ಮಾಹಿತಿಯನ್ನು ಬೇರೆ ಯಾರೂ ಕೊಟ್ಟಿರಲಾರರು.

ಸಾಮಾನಿನ ವಿಚಾರ ಚುಟುಕಾಗಿ ಹೇಳುತ್ತೇನೆ. ಪುಟಾಣಿ ರೈಸ್ ಕುಕ್ಕರು, ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಕೋಡುಬಳೆ. ಲೋಕಕ್ಕೆಲ್ಲ ಮಲ್ಲಿಗೆ ಹೆಸರಿನ ಅಕ್ಕಿ ಕಳಿಸುವ ದೇಶಕ್ಕೆ ನಾವು ಅಕ್ಕಿ ಹೊತ್ತುಕೊಂಡು ಹೋದೆವು. ನಾನಿಟ್ಟುಕೊಂಡಿದ್ದ ಒಣಕೊಬ್ಬರಿಯ ಗಿಟುಕನ್ನು ಮಾತ್ರ ವಿಮಾನ ನಿಲ್ದಾಣದಲ್ಲಿ ತೆಗೆಸಿದರು. ಎಣ್ಣೆಯ ಅಂಶ ಹೆಚ್ಚಾದ್ದರಿಂದ ಅದು ಬೆಂಕಿ ಹತ್ತಿಕೊಳ್ಳುವ ವಸ್ತುವಂತೆ. ಕೊಬ್ಬರಿಗಿಂತ ಬೇಗ ಹೊತ್ತಿಕೊಳ್ಳುವ ವಸ್ತು ನನ್ನ ಮಡಿಲಲ್ಲೇ ನಿದ್ದೆಗೆಟ್ಟು ಕೂತಿತ್ತು. ಅದನ್ನು ಯಾರೂ ತಡೆಯಲಿಲ್ಲ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಹಿಮ, ಜಿಂಕೆ ಬಂಡಿ ಎಲ್ಲ ಆಮೇಲೆ ಅಂಟಿಕೊಂಡವು. ತಾವು ಮೂಲದಲ್ಲಿ ನಾಲ್ಕನೇ ಶತಮಾನದ ಸಂತ ನಿಕೋಲಸ್, ಈಗಿನ ಟರ್ಕಿಯ ದಕ್ಷಿಣ ಕರಾವಳಿಯ ಮೈರಾ ಪಟ್ಟಣದ ಬಿಷಪ್, ನಾವಿಕರನ್ನು ಕಾಯುವ ಸಂತ. ಅಂದರೆ ಕಡಲತೀರ ತಮಗೆ ಹೊಸದಲ್ಲ, ಕಡಲತೀರದಲ್ಲಿ ಉಣ್ಣೆಯ ಕೋಟು ಹೊಸದು. ರೊವಾನಿಯೆಮಿ ಇರುವುದು 66 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್‌ಟಿಕ್ ವೃತ್ತದ ಪಕ್ಕದಲ್ಲಿ. ಫುಕೆಟ್ ಇರುವುದು 8 ಡಿಗ್ರಿಯ ಹತ್ತಿರ. ಡಿಸೆಂಬರ್ ಮಧ್ಯಾಹ್ನವೂ ಅಲ್ಲಿ ಉಷ್ಣಾಂಶ 30 ಡಿಗ್ರಿ ದಾಟುತ್ತದೆ. ಥಾಯ್ಲೆಂಡಿನವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬೌದ್ಧರು. ಡಿಸೆಂಬರ್ 25 ಅವರಿಗೆ ಸರಕಾರಿ ರಜೆಯೂ ಅಲ್ಲ, ಮಾಮೂಲಿ ಕೆಲಸದ ದಿನ. ಹೀಗಾಗಿ ಬೌದ್ಧರ ನಾಡಿನಲ್ಲಿ, ಕ್ರೈಸ್ತರ ಹಬ್ಬದಲ್ಲಿ, ರಷ್ಯಾದವರು ತುಂಬಿದ್ದ ಹೋಟೆಲಿನಲ್ಲಿ, ಮೈಸೂರು ಅಜ್ಜಿಯ ಮೊಮ್ಮಕ್ಕಳಿಗೆ ಫಿನ್‌ಲೆಂಡಿನ ತಾವು ಉಡುಗೊರೆ ಹಂಚಿದಿರಿ. ಇಷ್ಟು ಜನರಲ್ಲಿ ಹಬ್ಬ ಯಾರದ್ದು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬಿಲ್ಲು ಯಾರದ್ದು ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ಏಕೆಂದರೆ 24ರ ರಾತ್ರಿಯ ‘ಗಾಲಾ ಡಿನ್ನರ್’ ಕಡ್ಡಾಯ. ಸೀಸನ್ನಿನಲ್ಲಿ ಅಲ್ಲಿನ ಎಷ್ಟೋ ಹೋಟೆಲುಗಳ ಪದ್ಧತಿಯೇ ಹಾಗಂತೆ: ಸಂತೋಷ ಕಡ್ಡಾಯ, ಅದರ ದುಡ್ಡು ಬೇರೆ. ಟೇಬಲ್ಲಿನ ಮೇಲೆ ಟರ್ಕಿ ಕೋಳಿ, ಹಂದಿಯ ತೊಡೆ, ಸೀಗಡಿಯ ಗೋಪುರ. ಸಸ್ಯಾಹಾರಿಗಳಾದ ನಾವು ಬ್ರೆಡ್ಡು ತಿಂದು, ಅನಾನಸು ತಿಂದು, ಕಲ್ಲಂಗಡಿಯಲ್ಲಿ ಕೆತ್ತಿದ್ದ ಹಂಸದ ಕುತ್ತಿಗೆಯನ್ನೂ ತಿಂದು ರೂಮಿಗೆ ಬಂದು ಅನ್ನ ಬೇಯಿಸಿದೆವು. ಅದೇ ಫುಕೆಟ್‌ನಲ್ಲಿ, ಹೆಚ್ಚುಕಡಿಮೆ ನಮ್ಮ ನವರಾತ್ರಿಯ ಹೊತ್ತಿಗೆ, ಚೀನೀ ಮೂಲದವರು ಒಂಬತ್ತು ದಿನ ಸಸ್ಯಾಹಾರದ ಹಬ್ಬ ಮಾಡುತ್ತಾರೆ. ‘ಜೇ’ ಎಂದು ಬರೆದ ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಮಾಂಸ, ಮೊಟ್ಟೆ, ಹಾಲು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಮಠದ ಅಡುಗೆಯವರೂ ತಲೆದೂಗುವಂಥ ಊಟ. ಆದರೆ ಅದು ದಸರಾ ಹೊತ್ತಿನದು, ಪುಟ್ಟಿಯ ಶಾಲೆಗೆ ದಸರಾ ಚಿಕ್ಕದು. ಬಿಲ್ಲಿನ ತಾರೀಖಿನಲ್ಲಿ ಬುದ್ಧ ಶಕೆಯ ಪ್ರಕಾರ 2568 ಎಂದಿತ್ತು, ನಮಗಿಂತ 543 ವರ್ಷ ಮುಂದೆ. ಮೊತ್ತವೂ ಆ ಕಾಲದ್ದೇ ಎಂದು ಅಳಿಯಂದಿರ ಮುಖ ಹೇಳುತ್ತಿತ್ತು.

ಅದೇ ರಾತ್ರಿ ನಾನು ತಮ್ಮನ್ನು ಹತ್ತಿರದಿಂದ ಕಂಡೆ. ಚಿನ್ನುವಿನ ಬಾಟಲಿಗೆ ಬಿಸಿನೀರು ಕೇಳಲು ಅಡುಗೆಮನೆಯ ಹಿಂಬಾಗಿಲಿಗೆ ಹೋಗಿದ್ದೆ. ಮಗುಚಿಟ್ಟ ಪ್ಲಾಸ್ಟಿಕ್ ಕ್ರೇಟಿನ ಮೇಲೆ ತಾವು ಕೂತಿದ್ದಿರಿ. ಟೋಪಿ ಮೊಣಕಾಲಿನ ಮೇಲಿತ್ತು, ಗಡ್ಡ ಗಂಟಲಿಗಿಳಿದಿತ್ತು, ಹೊಟ್ಟೆಯ ದಿಂಬು ಪಕ್ಕದಲ್ಲಿತ್ತು. ತೋಳಿನ ಬಿಳಿ ಅಂಚಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತ ಐಸ್ ನೀರು ಕುಡಿಯುತ್ತಿದ್ದಿರಿ. ತಮಗೆ ಸಾವಿರದ ಏಳುನೂರು ವರ್ಷವೆಂದುಕೊಂಡಿದ್ದೆ, ಇಪ್ಪತ್ತು ದಾಟಿದ ಹಾಗೂ ಕಾಣಲಿಲ್ಲ. ನನ್ನನ್ನು ಕಂಡು ಧಡಕ್ಕನೆ ಎದ್ದಿರಿ. ಎದ್ದವರು ಮೊದಲು ಗಡ್ಡವನ್ನು ಮೇಲಕ್ಕೆಳೆದುಕೊಂಡು, ಆಮೇಲೆ ಕೈಮುಗಿದಿರಿ. ನನ್ನ ಸೊಂಟದ ಮೇಲೆ ಮಗುವಿತ್ತಲ್ಲ! ಇಡೀ ಗಾಲಾ ಡಿನ್ನರಿನಲ್ಲಿ ದುಡ್ಡಿಗಲ್ಲದೆ ಮಗುವಿಗಾಗಿ ಮಾಡಿದ ಕೆಲಸ ಅದೊಂದೇ ಎಂದು ನನಗನ್ನಿಸಿತು. ಒಂದು ಕೋಡುಬಳೆ ಕೊಟ್ಟೆ. ತಾವು ಗಡ್ಡದ ಸಂದಿಯಲ್ಲಿ ತಿಂದಿರಿ.

ಇನ್ನು ಮಕ್ಕಳು ಏನು ಮಾಡಿದರು ಎಂಬ ವರದಿ. ಕರೋನ್‌ನ ಮರಳು ಬಹಳ ನುಣುಪು, ಒಣ ಮರಳಿನ ಮೇಲೆ ಕಾಲೆಳೆದರೆ ಕೀಚ್ ಕೀಚ್ ಎನ್ನುತ್ತದೆ. ಪುಟ್ಟಿ ಇದನ್ನು ಮೊದಲ ಬೆಳಿಗ್ಗೆಯೇ ಕಂಡುಹಿಡಿದಳು. ಅಲ್ಲಿಗೆ ಅವಳ ಪ್ರವಾಸ ಸಂಪೂರ್ಣವಾಯಿತು. ಆಮೇಲೆ ತೋರಿಸಿದ ಯಾವುದೂ ಆ ಕೀಚ್‌ಗೆ ಸಮನಾಗಲಿಲ್ಲ. ಚಿನ್ನುವಿಗೆ ಸಮುದ್ರ ದೊಡ್ಡದಾಯಿತು. ಕಾಲು ತೊಳೆಯಲೆಂದು ಹೋಟೆಲಿನವರು ಇಟ್ಟಿದ್ದ ನಲ್ಲಿಯ ಕೆಳಗಿನ ಗುಂಡಿಯೇ ಅವನ ಅಂಡಮಾನ್ ಸಮುದ್ರ. ಮಗಳು ಅಷ್ಟು ಹೊತ್ತೂ ಸನ್‌ಸ್ಕ್ರೀನ್ ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದಳು. ಹವಳಕ್ಕೆ ಹಾನಿ ಮಾಡುವ ನಾಲ್ಕು ರಾಸಾಯನಿಕಗಳಿರುವ ಕ್ರೀಮನ್ನು ಥಾಯ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ, ತಪ್ಪಿದರೆ ಒಂದು ಲಕ್ಷ ಬಾತ್‌ವರೆಗೆ ದಂಡ. ಒಳ್ಳೆಯ ಕಾನೂನೇ. ಆದರೆ ಕೈಗೆ ಸಿಗದೆ ಓಡುವ ಮಗುವಿಗೆ ಅದನ್ನು ಹಚ್ಚುವುದು ಹೇಗೆಂದು ಕಾನೂನಿನಲ್ಲಿ ಹೇಳಿಲ್ಲ. ಅದು ಅಜ್ಜಿಯ ವಿವೇಚನೆಗೆ ಬಿಟ್ಟದ್ದು.

ಒಂದು ದಿನ ಸ್ಪೀಡ್‌ಬೋಟಿನಲ್ಲಿ ಮಾಯಾ ಬೇ ಎಂಬಲ್ಲಿಗೆ ಕರೆದೊಯ್ದರು. ಅಲ್ಲೇ ಚಿತ್ರೀಕರಿಸಿದ ‘ದಿ ಬೀಚ್’ ಎಂಬ ಹಾಲಿವುಡ್ ಸಿನಿಮಾ 2000ದಲ್ಲಿ ಬಂದ ಮೇಲೆ ಲೋಕವೆಲ್ಲ ಅಲ್ಲಿಗೆ ನುಗ್ಗಿತು. ಹವಳ ಸತ್ತಿತು. 2018ರ ಜೂನಿನಲ್ಲಿ ಬಾಗಿಲು ಹಾಕಿದವರು 2022ರ ಜನವರಿಯಲ್ಲಿ ತೆರೆದರು. ಅಷ್ಟರಲ್ಲಿ ಹವಳ ಚಿಗುರಿ, ರೆಕ್ಕೆಯ ತುದಿ ಕಪ್ಪಗಿರುವ ಪುಟ್ಟ ಶಾರ್ಕುಗಳು ಮರಳಿ ಬಂದಿದ್ದವು. ಈಗಲೂ ಅಲ್ಲಿ ಈಜುವಂತಿಲ್ಲ, ಮೊಣಕಾಲಿನಷ್ಟು ನೀರಿಗಿಳಿದು ಫೋಟೋ ತೆಗೆಸಿಕೊಳ್ಳಬಹುದು. ವರ್ಷವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ಮತ್ತೆ ಬಂದ್. ನಾನು ಬೋಟಿನಲ್ಲಿ ಚಿನ್ನುವಿನ ವಾಂತಿ ಒರೆಸುತ್ತ ಈ ವಿವರಗಳನ್ನು ಕೇಳಿದೆ. ನಮ್ಮ ಇಡೀ ಪ್ರವಾಸದಲ್ಲಿ ನಿಜವಾಗಿ ರಜೆ ಪಡೆದವರೆಂದರೆ ಆ ಕಡಲತೀರ ಒಂದೇ.

26ರ ಬೆಳಿಗ್ಗೆ ದೊಡ್ಡವರೆಲ್ಲ ಮಲಗಿದ್ದರು. ಪುಟ್ಟಿ ದಾರಿಬದಿಯ ಒಂದು ನೀಲಿ ಫಲಕದ ಮುಂದೆ ನಿಂತು, ಈ ಮನುಷ್ಯ ಯಾಕೆ ಗುಡ್ಡ ಹತ್ತಿ ಓಡುತ್ತಿದ್ದಾನೆ ಎಂದು ಕೇಳಿದಳು. ಅದು ಸುನಾಮಿ ಬಂದರೆ ಓಡಬೇಕಾದ ದಾರಿಯ ಫಲಕ. 2004ರಲ್ಲಿ ಅದೇ ತಾರೀಖು, ಇಂಥದೇ ರಜೆ. ಸುಮಾತ್ರದ ಬಳಿ ಭೂಕಂಪವಾಗಿ ಎರಡು ಗಂಟೆಯೊಳಗೆ ಅಲೆಗಳು ಆ ತೀರಕ್ಕೆ ಬಂದವು. ಥಾಯ್ಲೆಂಡೊಂದರಲ್ಲೇ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅರ್ಧದಷ್ಟು ಮಂದಿ ರಜೆಗೆ ಬಂದ ವಿದೇಶಿಯರು. ಫುಕೆಟ್‌ನ ಉತ್ತರ ಭಾಗದ ಮಾಯ್ ಖಾವೋ ತೀರದಲ್ಲಿ ಮಾತ್ರ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ, ಸಮುದ್ರ ನೊರೆಗಟ್ಟಿ ವಿಚಿತ್ರವಾಗಿ ಉಕ್ಕುವುದನ್ನು ಕಂಡು, ಇದು ಸುನಾಮಿಯ ಲಕ್ಷಣ ಎಂದು ಹಟ ಹಿಡಿದಳು. ಎರಡು ವಾರದ ಹಿಂದಷ್ಟೇ ಶಾಲೆಯಲ್ಲಿ ಭೂಗೋಳದ ಪಾಠದಲ್ಲಿ ಕೇಳಿದ್ದಳು. ಸುಮಾರು ನೂರು ಜನ ತೀರ ಬಿಟ್ಟು ಬದುಕಿಕೊಂಡರು. ಆ ಫಲಕದ ಕೆಳಗೆ ಕೂತು ನಾನು ಪುಟ್ಟಿಗೆ ಆ ಪಾಠ ಮಾಡಿದೆ. ನಿವೃತ್ತಿಯ ನಂತರ ನನಗೆ ಸಿಕ್ಕ ಅತ್ಯಂತ ಶ್ರದ್ಧೆಯ ವಿದ್ಯಾರ್ಥಿನಿ. ರಜೆ ಮುಗಿದ ಮೇಲೆ ಶಾಲೆಯಲ್ಲಿ ಎದ್ದು ನಿಂತು ಅವಳು ಹೇಳಿದ್ದು ಅದನ್ನೇ ಅಂತೆ. ಫುಕೆಟ್ ಎಂಬ ಹೆಸರು ಹೇಳುವುದನ್ನೇ ಮರೆತಳಂತೆ. ಅಷ್ಟು ಖರ್ಚು ಮಾಡಿದ ಅಳಿಯಂದಿರು ಆ ದಿನ ಯಾರೊಂದಿಗೂ ಮಾತಾಡಲಿಲ್ಲ.

ಮಗಳನ್ನೂ ಅಳಿಯಂದಿರನ್ನೂ ನಾನು ದೂರುತ್ತಿಲ್ಲ. ವಾಪಸು ವಿಮಾನದಲ್ಲಿ ಇಬ್ಬರೂ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು, ಪಾಪ. ಚಿಕ್ಕ ಮಕ್ಕಳಿರುವ ಮನೆಯ ಕೆಲಸ ಸಮುದ್ರ ದಾಟಿದರೂ ಕಡಿಮೆಯಾಗುವುದಿಲ್ಲ. ಒಬ್ಬರಿಗೆ ಬಿಡುವು ಸಿಗಬೇಕಾದರೆ ಇನ್ನೊಬ್ಬರು ಕ್ರೇಟಿನ ಮೇಲೆ ಕೂತು ಬೆವರಬೇಕು. ಅದನ್ನು ಯಾವ ಪ್ಯಾಕೇಜಿನ ಕಾಗದದಲ್ಲೂ ಬರೆಯುವುದಿಲ್ಲ. ಆದ್ದರಿಂದ ಕೆಳಕಂಡ ಬೇಡಿಕೆಗಳನ್ನು ತಮ್ಮ ಇಲಾಖೆಯ ಮೂಲಕ ಈಡೇರಿಸಿಕೊಡಬೇಕಾಗಿ ವಿನಂತಿ.

1. 20 ಡಿಗ್ರಿ ಅಕ್ಷಾಂಶದಿಂದ ಕೆಳಗೆ ಕರ್ತವ್ಯ ನಿರ್ವಹಿಸುವ ಸಾಂಟಾಗಳಿಗೆ ಪಂಚೆ, ಬನಿಯನ್ನು ಮಂಜೂರು ಮಾಡುವುದು. ಗಡ್ಡ ಐಚ್ಛಿಕ.

2. ಅಜ್ಜಿಯರ ಉದ್ಯೋಗದ ಕಾಲಮ್ಮಿನಲ್ಲಿ ಸತ್ಯವನ್ನೇ ತುಂಬುವುದು.

3. ಗಾಲಾ ಡಿನ್ನರ್ ಕಡ್ಡಾಯವಾದರೆ ಮೊಸರನ್ನವೂ ಕಡ್ಡಾಯ.

4. ಮಾಯಾ ಬೇ ನಿಯಮವನ್ನು ಅಜ್ಜಿಯರಿಗೂ ವಿಸ್ತರಿಸುವುದು: ವರ್ಷಕ್ಕೆ ಎರಡು ತಿಂಗಳು ಸಂಪೂರ್ಣ ಬಂದ್. ಉಳಿದ ದಿನಗಳಲ್ಲಿ ಮೊಣಕಾಲಿನ ಮಟ್ಟದವರೆಗೆ ಮಾತ್ರ ಪ್ರವೇಶ.

ಇವನ್ನು ಬೇಗ ಇತ್ಯರ್ಥ ಮಾಡಬೇಕಾಗಿ ಕೋರಿಕೆ. ಮುಂದಿನ ಡಿಸೆಂಬರಿಗೆ ಬಾಲಿ ಎಂದು ಮಾತು ನಡೆದಿದೆ. ಯಜಮಾನರು ಈಗಿನಿಂದಲೇ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಾರೆ. ಮಕ್ಕಳ ಪಾಸ್‌ಪೋರ್ಟು ಐದೇ ವರ್ಷಕ್ಕೆ ಮುಗಿಯುತ್ತದೆ. ನನ್ನದನ್ನು ಹತ್ತು ವರ್ಷಕ್ಕೆ ಮಾಡಿಸಿಟ್ಟಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಪುಟ್ಟಿ ಮತ್ತು ಚಿನ್ನುವಿನ ಅಜ್ಜಿ
ಮೈಸೂರು